ಸಾಮಿ ಜನರ ಭಾಷಾಸಂರಕ್ಷಣೆ

ಜನಾಂಗವೊಂದರ ಅನುಭವಸರ್ವಸ್ವವೂ ಅದರ ಭಾಷೆಯಲ್ಲಿ ಸಂಚಿತವಾಗಿರುತ್ತದೆ. ಹಿರಿಯರ ಬಾಯಿಂದ ಮಕ್ಕಳ ಕಿವಿಗೆ ಹರಿಯುವ ಆ ಧಾರೆ ಒಂದು ತಲೆಮಾರಿನಲ್ಲಿ ಕಡಿದುಹೋದರೆ ಅದನ್ನು ಮರಳಿ ಕೂಡಿಸುವುದು ಸುಲಭಸಾಧ್ಯವಲ್ಲ. ಯುರೋಪಿನ ಉತ್ತರದಂಚಿನ ಸಾಮಿ ಜನರ ಚರಿತ್ರೆ ಇದಕ್ಕೆ ನಿದರ್ಶನವಾಗಿದೆ.

ನಾರ್ವೆ, ಸ್ವೀಡನ್, ಫಿನ್ಲೆಂಡ್‌ಗಳ ಉತ್ತರಭಾಗ ಮತ್ತು ರಷ್ಯದ ಕೋಲಾ ಪರ್ಯಾಯದ್ವೀಪದಲ್ಲಿ ಹರಡಿರುವ ತಮ್ಮ ನಾಡನ್ನು ಸಾಮಿಗಳು ‘ಸಾಪ್ಮಿ’ ಎಂದು ಕರೆಯುತ್ತಾರೆ. ಹಿಮಸಾರಂಗ ಪಾಲನೆ, ಮೀನುಗಾರಿಕೆ ಅವರ ಪರಂಪರಾಗತ ವೃತ್ತಿಗಳು. ಅವರ ನುಡಿ ಒಂದಲ್ಲ. ಫಿನ್ನಿಷ್ ಭಾಷೆಗೆ ಬಂಧುಗಳಾದ ಹಲವು ನುಡಿಗಳ ಸಮೂಹ. ಹಿಮದ ಒಂದೊಂದು ಸ್ಥಿತಿಗೂ ಅವುಗಳಲ್ಲಿ ಪ್ರತ್ಯೇಕ ಪದವುಂಟು. ‘ಯೋಯ್ಕ್’ ಎಂಬುದು ಅವರ ಪ್ರಾಚೀನ ಗಾಯನಪದ್ಧತಿ. ಅದು ವ್ಯಕ್ತಿಯನ್ನು ಕುರಿತ ಹಾಡಲ್ಲ, ಆ ವ್ಯಕ್ತಿಯೇ ಹಾಡಾಗಿ ಮೂಡುವುದೆಂದು ಅವರ ಭಾವನೆ. ಕ್ರೈಸ್ತ ಮತಪ್ರಚಾರಕರು ಇದನ್ನು ಪಾಪವೆಂದು ಹಳಿದರು.

ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ಆಡಳಿತವು ಸಾಮಿ ಮಕ್ಕಳಿಗೆ ನಾರ್ವೇಜಿಯನ್ ಭಾಷೆಯಲ್ಲಿಯೇ ಪಾಠ ಹೇಳುವ ನೀತಿಯನ್ನು ಬಿಗಿಗೊಳಿಸಿತು. 1902ರ ಕಾನೂನು ಫಿನ್‌ಮಾರ್ಕ್ ಪ್ರಾಂತದಲ್ಲಿ ಭೂಮಿ ಕೊಳ್ಳುವವರಿಗೆ ಆ ಭಾಷೆಯ ಜ್ಞಾನವನ್ನು ವಿಧಿಸಿತು. ಮನೆಯಿಂದ ದೂರದ ವಸತಿಶಾಲೆಗಳಲ್ಲಿ ತಾಯ್ನುಡಿಗಾಗಿ ನಾಚಿಕೆಪಡುವುದನ್ನು ಕಲಿತ ಮಕ್ಕಳು, ಮುಂದೆ ತಂದೆತಾಯಿಗಳಾದಾಗ ಆ ನುಡಿಯನ್ನು ತಮ್ಮ ಮಕ್ಕಳಿಗೆ ಕಲಿಸಲು ಹಿಂಜರಿದರು. ನಿಷೇಧಕ್ಕಿಂತಲೂ ಈ ನಾಚಿಕೆಯೇ ಹೆಚ್ಚು ಘಾತಕವಾಯಿತು.

ಪ್ರತಿರೋಧವೂ ಇಲ್ಲದಿರಲಿಲ್ಲ. 1917ರ ಫೆಬ್ರುವರಿ 6ರಂದು ಟ್ರಾಂಡ್‌ಹೈಮ್ ನಗರದಲ್ಲಿ ಸಾಮಿಗಳ ಮಹಾಸಭೆ ನೆರೆಯಿತು. 1979ರಲ್ಲಿ ಆಲ್ಟಾ ನದಿಯ ಅಣೆಕಟ್ಟನ್ನು ವಿರೋಧಿಸಿ ಸಾಮಿ ಯುವಜನರು ಓಸ್ಲೋದಲ್ಲಿ ಉಪವಾಸ ಕುಳಿತರು. ಅಣೆಕಟ್ಟಿನ ನಿರ್ಮಾಣವನ್ನು ತಡೆಯಲಾಗಲಿಲ್ಲ. ಆದರೆ ಆ ಚಳವಳಿಯ ಫಲವಾಗಿ ಸಾಮಿಗಳ ಹಕ್ಕುಗಳ ಪ್ರಶ್ನೆ ರಾಷ್ಟ್ರದ ಮುಂದೆ ನಿಂತಿತು. 1989ರಲ್ಲಿ ಕಾರಾಶೋಕ್‌ನಲ್ಲಿ ಸಾಮಿ ಸಂಸತ್ತು ಉದ್ಘಾಟನೆಗೊಂಡಿತು.

ಹಕ್ಕು ದೊರೆತಮಾತ್ರಕ್ಕೆ ಭಾಷೆ ಬದುಕುವುದಿಲ್ಲವೆಂಬುದನ್ನು ಫಿನ್ಲೆಂಡಿನ ಇನಾರಿ ಸಾಮಿಗಳು ಅರಿತಿದ್ದರು. ಅವರ ನುಡಿಯನ್ನು ಬಲ್ಲವರು ಕೆಲವೇ ನೂರು ಮಂದಿ, ಮಕ್ಕಳಂತೂ ಬೆರಳೆಣಿಕೆಯಷ್ಟು. 1997ರಲ್ಲಿ ಅವರು ‘ಭಾಷಾಗೂಡು’ ಎಂಬ ಶಿಶುವಿಹಾರವನ್ನು ತೆರೆದರು. ನ್ಯೂಜಿಲೆಂಡಿನ ಮಾವೋರಿಗಳಿಂದ ಬಂದ ಈ ಕ್ರಮದಲ್ಲಿ ಉಪದೇಶವಿಲ್ಲ, ವ್ಯಾಕರಣವಿಲ್ಲ; ಉಣಿಸುವಾಗ, ಆಡಿಸುವಾಗ ಪೋಷಕರು ಇನಾರಿ ಸಾಮಿಯನ್ನಷ್ಟೇ ನುಡಿಯುತ್ತಾರೆ. ತರುವಾಯ, ಭಾಷೆಯಿಂದ ವಂಚಿತವಾಗಿದ್ದ ನಡುವಯಸ್ಸಿನವರೂ ವೃದ್ಧರ ಬಳಿ ಕುಳಿತು ಅದನ್ನು ಕಲಿತು, ಶಿಕ್ಷಕರಾದರು.

2024ರಲ್ಲಿ ನಾರ್ವೆಯ ಸಂಸತ್ತು ಹಿಂದಿನ ನೀತಿಗಾಗಿ ಸಾಮಿಗಳ ಕ್ಷಮೆ ಕೋರಿತು. ಕ್ಷಮಾಯಾಚನೆ ಗೌರವವನ್ನು ಮರಳಿಸಬಲ್ಲುದು. ಆದರೆ ನುಡಿಯನ್ನು ಮರಳಿಸುವ ಶಕ್ತಿ ಅದನ್ನಾಡುವ ಮಗುವಿನ ನಾಲಗೆಯಲ್ಲಿದೆ.