ಚೀಲ ಒಂದೇ, ಒಳಗಿನ ಗೂಡು ಬೇರೆ

2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯಾ ನಗರದ ಬಯಲು ಚೌಕದಲ್ಲಿ ರಾಮನಗರದ ಬಂಡೆಗಳು ತೆರೆಯ ತುಂಬ ಎದ್ದು ನಿಂತವು. ರಾಮದೇವರ ಬೆಟ್ಟದ ಮಗ್ಗುಲಲ್ಲಿ ಚಿತ್ರೀಕರಣಗೊಂಡು 1975ರ ಆಗಸ್ಟ್ 15ರಂದು ಬಿಡುಗಡೆಯಾಗಿದ್ದ ‘ಶೋಲೆ’ಗೆ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮರುಜೀವ ಕೊಟ್ಟು ಅಲ್ಲಿ ತೋರಿಸಿತು. ಈ ಸಿನಿಮಾ 70 ಎಂಎಂ ಎಂದೇ ಹೆಸರುವಾಸಿ. ಆದರೆ ಬೆಟ್ಟದ ಬಿಸಿಲಲ್ಲಿ ಕ್ಯಾಮೆರಾದೊಳಗೆ ಓಡಿದ್ದು 35 ಎಂಎಂ ಫಿಲ್ಮ್! 70 ಎಂಎಂ ಕ್ಯಾಮೆರಾ ಆಗ ಬಲು ದುಬಾರಿ. ಹಾಗಾಗಿ 4:3 ಅಳತೆಯಲ್ಲಿ ತೆಗೆದ ಚಿತ್ರವನ್ನು ಆಮೇಲೆ ಹಿಗ್ಗಿಸಿ 2.2:1ರ ಅಗಲ ಚೌಕಟ್ಟಿಗೆ ಕೂರಿಸಿದರು. ಹಾಗೆ ಕೂರಿಸಿದಾಗ ಮೇಲೂ ಕೆಳಗೂ ಸೇರಿ ಐದರಲ್ಲಿ ಎರಡು ಪಾಲಿನಷ್ಟು ಚಿತ್ರ ಹೊರಗುಳಿಯುತ್ತದೆ. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅದನ್ನು ಮೊದಲೇ ಲೆಕ್ಕ ಹಾಕಿ, ಕ್ಯಾಮೆರಾದ ಗಾಜಿನ ಮೇಲೆಯೇ ಅಗಲ ಚೌಕಟ್ಟಿನ ಗೆರೆ ಗುರುತು ಹಾಕಿಸಿಕೊಂಡಿದ್ದರು. ತೆಗೆಯುವ ರೂಪ ಒಂದು, ತೋರಿಸುವ ರೂಪ ಇನ್ನೊಂದು ಎಂಬುದನ್ನು ಬಲ್ಲ ಕಣ್ಣು ಅದು.

ಅದೇ ಬೆಟ್ಟ 2012ರಿಂದ ರಣಹದ್ದುಗಳ ಅಭಯಾರಣ್ಯ. ಕಡಿದಾದ ಬಂಡೆಯ ಸಂದಿನಲ್ಲಿ ಕೂತ ಉದ್ದಕೊಕ್ಕಿನ ರಣಹದ್ದನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ಮನೆಗೆ ಬಂದವರು ಕಾರ್ಡನ್ನು ಕಂಪ್ಯೂಟರಿಗೆ ಹಾಕುತ್ತಾರೆ. ಫೋಟೊಗಳೆಲ್ಲ ಸಾಲಾಗಿ ಬಂದು ಕೂರುತ್ತವೆ. ವಿಡಿಯೊ ಇರಬೇಕಾದ ಜಾಗದಲ್ಲಿ ಮಾತ್ರ ಕಪ್ಪು ಚೌಕ, ಅಥವಾ ಏನೂ ಇಲ್ಲ. ಚನ್ನಪಟ್ಟಣ, ಕನಕಪುರದ ಛತ್ರಗಳಲ್ಲಿ ಮದುವೆ ಚಿತ್ರೀಕರಿಸುವವರಿಗೂ ಇದು ಪರಿಚಿತ ತಲೆನೋವು. ಸಾಮಾನ್ಯವಾಗಿ ಬೈಗುಳ ಬೀಳುವುದು ಕಾರ್ಡಿಗೆ. ತಪ್ಪು ಬಹುಮಟ್ಟಿಗೆ ಅದರದ್ದಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಒಮ್ಮೆ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಬೆಳೆಗಾರ ತರುವ ಚೀಲ ಹೊರಗಿನಿಂದ ಒಂದೇ ಥರ. ಒಳಗಿರುವುದು ಹಳದಿ ಬಣ್ಣದ ಮಿಶ್ರತಳಿ ಗೂಡೋ, ಬಿಳಿಯ ದ್ವಿತಳಿ ಗೂಡೋ ಎಂಬುದು ಬಿಚ್ಚಿದ ಮೇಲೆಯೇ ಖಚಿತ. ಮಿಶ್ರತಳಿ ಗೂಡನ್ನು ಚರಕದಲ್ಲಿ ಬಿಚ್ಚಬಹುದು. ಅದನ್ನೇ ಸ್ವಯಂಚಾಲಿತ ಯಂತ್ರಕ್ಕೆ ಕೊಟ್ಟರೆ ಎಳೆ ಮತ್ತೆ ಮತ್ತೆ ಕಡಿಯುತ್ತದೆ. ಆ ಯಂತ್ರಕ್ಕೆ ಒಗ್ಗುವುದು ದ್ವಿತಳಿ. ಒಂದು ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರಿನಷ್ಟು ಎಳೆ ಬೆರಳ ತುದಿಯಷ್ಟು ಜಾಗದಲ್ಲಿ ಸುತ್ತಿಕೊಂಡಿರುತ್ತದೆ. ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ಹದವಾಗಿ ಎಳೆಯುವವನೇ ರೀಲರ್.

ವಿಡಿಯೊ ಫೈಲಿನ ಹೆಸರಿನ ಕೊನೆಯಲ್ಲಿರುವ ಎಂಪಿ4, ಎಂಒವಿ, ಎಂಟಿಎಸ್ ಎಂಬ ಅಕ್ಷರಗಳು ಚೀಲದ ಹೆಸರುಗಳು. ಈ ಚೀಲಕ್ಕೆ ಕಂಟೇನರ್ ಎನ್ನುತ್ತಾರೆ. ಒಳಗೆ ಚಿತ್ರವನ್ನು ಸುತ್ತಿಟ್ಟ ಬಗೆ ಕೋಡೆಕ್, ಅದೇ ಗೂಡು. ಎಂಟಿಎಸ್ ಎಂಬ ಹೆಸರನ್ನು ಅಳಿಸಿ ಎಂಪಿ4 ಎಂದು ಬರೆದರೆ ಚೀಲದ ಚೀಟಿ ಬದಲಾಯಿತೇ ಹೊರತು ಚೀಲವೂ ಬದಲಾಗಲಿಲ್ಲ, ಗೂಡೂ ಬದಲಾಗಲಿಲ್ಲ.

ಇಷ್ಟು ಬಿಗಿಯಾಗಿ ಸುತ್ತುವುದಾದರೂ ಏಕೆ? 1920 ಗುಣಿಸು 1080 ಚುಕ್ಕೆಗಳು, ಚುಕ್ಕೆಗೆ ಮೂರು ಬೈಟ್, ಸೆಕೆಂಡಿಗೆ 25 ಚಿತ್ರ: ಸೆಕೆಂಡಿಗೆ ಸುಮಾರು 155 ಮೆಗಾಬೈಟ್. ಕ್ಯಾಮೆರಾ ಇದನ್ನು ಸುಮಾರು 3 ಮೆಗಾಬೈಟಿಗೆ ಇಳಿಸುತ್ತದೆ. ರಣಹದ್ದು ಕತ್ತು ತಿರುಗಿಸುವಾಗ ಹಿಂದಿನ ಬಂಡೆ ಅಲುಗುವುದಿಲ್ಲವಲ್ಲ. ಬಂಡೆಯನ್ನು ಒಮ್ಮೆ ಪೂರ್ತಿ ಬರೆದು, ಮುಂದಿನ ಚಿತ್ರಗಳಲ್ಲಿ ಬದಲಾದ ಕತ್ತನ್ನಷ್ಟೇ ಬರೆದುಕೊಂಡರೆ ಸಾಕು.

ಸುತ್ತುವ ವಿಧಾನ ಕಾಲಕಾಲಕ್ಕೆ ಬದಲಾಗಿದೆ. ಎಚ್.264 ಬಂದದ್ದು 2003ರಲ್ಲಿ, ಇನ್ನೂ ಬಿಗಿಯಾದ ಎಚ್.265 ಬಂದದ್ದು 2013ರಲ್ಲಿ. 2006ರಲ್ಲಿ ಸೋನಿ ಮತ್ತು ಪ್ಯಾನಸೋನಿಕ್ ಸೇರಿ ತಂದ ಎವಿಸಿಎಚ್‌ಡಿ ಪದ್ಧತಿ ವಿಡಿಯೊಗಳನ್ನು ಬ್ಲೂ-ರೇ ಡಿಸ್ಕಿನ ಮಾದರಿಯಲ್ಲಿ ಫೋಲ್ಡರಿನೊಳಗೆ ಫೋಲ್ಡರ್ ಮಾಡಿ ಇಡುತ್ತದೆ. ಫೋಟೊ ತಂತ್ರಾಂಶ ಹುಡುಕುವುದು ಡಿಸಿಐಎಂ ಎಂಬ ಫೋಲ್ಡರಿನಲ್ಲಿ. ವಿಡಿಯೊ ಇರುವುದು ‘ಪ್ರೈವೇಟ್’ ಎಂಬುದರ ಆಳದಲ್ಲಿ. ಎಷ್ಟೋ ಸಲ ‘ವಿಡಿಯೊ ಕಾಣೆ’ ಎಂಬುದರ ಗುಟ್ಟು ಇಷ್ಟೇ.

ಫೋಟೊ ಜೋಡಿಸುವ ತಂತ್ರಾಂಶಗಳು ಹಲವು ಸಲ ಸ್ವಂತ ಚರಕ, ಅಂದರೆ ಕೋಡೆಕ್ ಬಿಚ್ಚುವ ಸಾಧನ, ಇಟ್ಟುಕೊಂಡಿರುವುದಿಲ್ಲ, ಕಂಪ್ಯೂಟರಿನಲ್ಲಿ ಇರುವುದನ್ನೇ ನೆಚ್ಚುತ್ತವೆ. ವಿಂಡೋಸ್‌ನಲ್ಲಿ ಎಂಒವಿ ತೆರೆಯಲು ಬಹುಕಾಲ ಆ್ಯಪಲ್‌ನ ಕ್ವಿಕ್‌ಟೈಮ್ ಬೇಕಿತ್ತು. 2016ರಲ್ಲಿ ವಿಂಡೋಸ್‌ನ ಕ್ವಿಕ್‌ಟೈಮ್‌ಗೆ ಬೆಂಬಲ ಕೊಡುವುದನ್ನು ಆ್ಯಪಲ್ ನಿಲ್ಲಿಸಿತು. ಅದೇ ವರ್ಷ ಗೂಗಲ್ ಫೋಟೊ ಜೋಡಿಸುವ ತನ್ನ ಪಿಕಾಸಾ ತಂತ್ರಾಂಶವನ್ನೂ ಕೈಬಿಟ್ಟಿತು. ಎಚ್.265ಕ್ಕೆ ಅನೇಕ ವಿಂಡೋಸ್ ಕಂಪ್ಯೂಟರುಗಳಲ್ಲಿ ಬೇರೆಯೇ ಸೇರ್ಪಡೆ ಹಾಕಿಕೊಳ್ಳಬೇಕು. ಹೊಸ ಕ್ಯಾಮೆರಾಗಳ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗುವ ‘10 ಬಿಟ್, 4:2:2’ ಕೂಡ ಹೀಗೆಯೇ. ಬಣ್ಣಕ್ಕೆ 256ರ ಬದಲು 1024 ಮೆಟ್ಟಿಲು ಸಿಗುವುದು ನಿಜ. ಆದರೆ ಅದನ್ನು ಬಿಚ್ಚಬಲ್ಲ ಗ್ರಾಫಿಕ್ಸ್ ಚಿಪ್ ಎಲ್ಲರ ಮನೆಯಲ್ಲೂ ಇಲ್ಲ, ವಿಡಿಯೊ ತಡವರಿಸುತ್ತದೆ. ಮದುವೆ, ನಾಮಕರಣಕ್ಕೆ 8 ಬಿಟ್ ಧಾರಾಳವಾಗಿ ಸಾಕು.

ಪರಿಹಾರ ಶುರುವಾಗಬೇಕಾದ್ದು ಚೀಲ ಬಿಚ್ಚಿ ನೋಡುವುದರಿಂದ. ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಕಂಟೇನರ್, ಕೋಡೆಕ್, ಧ್ವನಿಯ ಬಗೆ ಎಲ್ಲವನ್ನೂ ಬರೆದು ತೋರಿಸುತ್ತದೆ. ತನ್ನದೇ ಕೋಡೆಕ್‌ಗಳನ್ನು ಹೊತ್ತು ತಿರುಗುವ ವಿಎಲ್‌ಸಿ ಎಂಬ ಪ್ಲೇಯರ್‌ನಲ್ಲಿ ವಿಡಿಯೊ ಓಡಿದರೆ ಫೈಲ್ ಕ್ಷೇಮವಾಗಿದೆ ಎಂದೇ ಅರ್ಥ. ಎಚ್.264 ಇದ್ದು ಎಂಟಿಎಸ್ ಚೀಲವಷ್ಟೇ ಒಗ್ಗದಿದ್ದರೆ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ ‘ಕಾಪಿ’ ಎಂದು ಹೇಳಿ ಎಂಪಿ4ಕ್ಕೆ ಸುರಿಯಬಹುದು. ಗೂಡು ಬೇಯುವುದಿಲ್ಲ, ಗುಣಮಟ್ಟ ಕೂದಲೆಳೆಯಷ್ಟೂ ಕುಗ್ಗುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. ಕೆಲವೊಮ್ಮೆ ಚಿತ್ರ ಬಂದು ಸದ್ದು ಬಾರದೆ ಹೋಗಬಹುದು. ಆಗ ಡಾಲ್ಬಿ ಧ್ವನಿಯನ್ನು ಮಾತ್ರ ಎಎಸಿ ಎಂಬ ಬಗೆಗೆ ಬದಲಿಸಿದರಾಯಿತು. ಕೋಡೆಕ್ಕೇ ಒಗ್ಗದಿದ್ದರೆ ಮಾತ್ರ ನೂಲು ಬಿಚ್ಚಿ ಮರಳಿ ಸುತ್ತುವ ದಾರಿ. ಅದರಲ್ಲಿ ಪ್ರತಿ ಸಲವೂ ಒಂದಿಷ್ಟು ಚಿತ್ರ ಸವೆಯುತ್ತದೆ, ಹಾಗಾಗಿ ಮೂಲ ಫೈಲನ್ನು ಅಳಿಸಬಾರದು.

ಇಷ್ಟಾದ ಮೇಲೂ ಸಮಯದ ಒಂದು ತೊಡಕು ಉಳಿದಿದೆ. ಎಂಪಿ4ರೊಳಗಿನ ಗಡಿಯಾರ 1904ರ ಜನವರಿ 1ರಿಂದ ಸೆಕೆಂಡು ಎಣಿಸುತ್ತದೆ, ಅದೂ ಜಾಗತಿಕ ಪ್ರಮಾಣ ಸಮಯದಲ್ಲಿ. ಕೆಲವು ಕ್ಯಾಮೆರಾಗಳು ಆ ಜಾಗದಲ್ಲಿ ಸ್ಥಳೀಯ ಸಮಯವನ್ನೇ ಬರೆದುಬಿಡುತ್ತವೆ. ತಂತ್ರಾಂಶ ಅದಕ್ಕೆ ಭಾರತದ ಲೆಕ್ಕದಲ್ಲಿ ಐದೂವರೆ ಗಂಟೆ ಕೂಡಿಸುತ್ತದೆ. ಮಾಗಡಿಯ ಛತ್ರದಲ್ಲಿ ಬೆಳಿಗ್ಗೆ 7 ಗಂಟೆಗೆ ನಡೆದ ಧಾರೆಯ ಫೋಟೊಗಳು 7ರ ಸಾಲಿನಲ್ಲೇ ಇರುತ್ತವೆ. ಅದೇ ಧಾರೆಯ ವಿಡಿಯೊ ಮಧ್ಯಾಹ್ನ 12.30ರ ಊಟದ ಪಂಕ್ತಿಯ ನಡುವೆ ಹೋಗಿ ಕೂರುತ್ತದೆ. ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನದಲ್ಲಿ ಎಲ್ಲ ಕ್ಲಿಪ್‌ಗಳ ಸಮಯವನ್ನೂ ಒಟ್ಟಿಗೆ 5.30 ಗಂಟೆ ಹಿಂದಕ್ಕೆ ಸರಿಸಿದರೆ ಧಾರೆ ಮತ್ತೆ ಮುಹೂರ್ತಕ್ಕೆ ಬರುತ್ತದೆ.