ಮಗನ ‘ಫೈಟ್’ ಫಾರ್ಮ್‌ಗೆ ಸಹಿ ಹಾಕುವ ಮುನ್ನ



ಈಚೆಗೆ ಪುಣೆಯ ನನ್ನ ಕ್ಲಿನಿಕ್ಕಿಗೆ ಧಾರವಾಡ ಕಡೆಯ ತಂದೆಯೊಬ್ಬರು ಫಾರ್ಮ್ ಹಿಡಿದು ಬಂದರು. “ಡಾಕ್ಟ್ರ, ಒಂದ್ ಸಹಿ ಬೇಕಾಗಿತ್ರಿ. ರವಿವಾರ ಹುಡುಗಂದು ಕಿಕ್‌ಬಾಕ್ಸಿಂಗ್ ಮ್ಯಾಚ್ ಐತ್ರಿ.” ಹುಡುಗ ಎಲ್ಲಿ ಎಂದರೆ, ಜಿಮ್‌ನಲ್ಲಿ! ನೋಡದೆ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡಲಾರೆ ಎಂದೆ. ಬೇಸರದಿಂದಲೇ ಸಂಜೆ ಮಗನನ್ನು ಕರೆತಂದರು. ತೂಕ ಇಳಿಸಲೆಂದು ಹುಡುಗ ಎರಡು ದಿನದಿಂದ ಸರಿಯಾಗಿ ನೀರೇ ಕುಡಿದಿರಲಿಲ್ಲ. ಹೀಗೆ ಮಾಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುಪೇರಾಗಿ ಹೃದಯದ ಬಡಿತವೇ ತಾಳ ತಪ್ಪಬಹುದು.

ನಾನು ಈ ಆಟಗಳ ವಿರೋಧಿಯಲ್ಲ, ಗರಡಿ ಮನೆ ನೋಡುತ್ತ ಬೆಳೆದವನೇ. ನನ್ನ ತಕರಾರು ಆಯೋಜಕರ ಬಗ್ಗೆ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದು ಕುಸಿದ ಮೈಸೂರಿನ ಯುವಕ ಉಳಿಯಲಿಲ್ಲ. ಸ್ಥಳದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು. ಪೊಲೀಸ್ ಕೇಸೂ ಆಯಿತು. ಆದರೆ ಕೇಸು ಬಂದಿದ್ದು ಸಾವಿನ ನಂತರ.

ಅಮೆರಿಕದಲ್ಲಿ ವೃತ್ತಿಪರ ಬಾಕ್ಸಿಂಗ್‌ಗೆ 1996ರ ಕಾಯ್ದೆಯೇ ಇದೆ. ಪ್ರತಿ ಆಟಗಾರನನ್ನೂ ವೈದ್ಯರು ಪರೀಕ್ಷಿಸಿರಬೇಕು. ಪಂದ್ಯ ಮುಗಿಯುವವರೆಗೂ ರಿಂಗ್ ಪಕ್ಕ ವೈದ್ಯರಿರಬೇಕು. ಆಂಬುಲೆನ್ಸ್ ಅಥವಾ ಜೀವ ಉಳಿಸುವ ಸಾಧನವಿರುವ ಸಿಬ್ಬಂದಿ ಸ್ಥಳದಲ್ಲೇ ಇರಬೇಕು, ಆಟಗಾರನಿಗೆ ವಿಮೆ ಇರಬೇಕು. ಗೊತ್ತಿದ್ದೂ ತಪ್ಪಿದ ಪ್ರಮೋಟರ್‌ಗೆ ಜೈಲು, ದಂಡ. ನಮ್ಮಲ್ಲಿ ಅಂಥ ಪ್ರತ್ಯೇಕ ಕೇಂದ್ರ ಕಾಯ್ದೆ ಇಲ್ಲ. ಹಾಗಾಗಿ ಆ ಪ್ರಶ್ನೆಗಳನ್ನು ನೀವೇ ಕೇಳಬೇಕು.

ಡಿಫಿಬ್ರಿಲೇಟರ್ ಇದೆಯೇ ಎಂದು ಮೊದಲು ಕೇಳಿ. ಎದೆಯ ಮೇಲೆ ಹೃದಯದ ನೇರಕ್ಕೆ, ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಪೆಟ್ಟು ಬಿದ್ದರೆ ಆರೋಗ್ಯವಂತ ಹುಡುಗನ ಹೃದಯವೂ ಕಂಪಿಸಿ ನಿಂತುಬಿಡಬಹುದು. ಆಗ ಎದೆ ಒತ್ತುತ್ತ, ಕೂಡಲೇ ಶಾಕ್ ಕೊಡಬೇಕು. ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಕುಗ್ಗುತ್ತದೆ. ಮುಂಬೈ, ಹೈದರಾಬಾದಿನ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಬರಲು ಎಷ್ಟು ಹೊತ್ತು ಬೇಕೆಂದು ನಿಮಗೇ ಗೊತ್ತು. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡಿದ್ದರೆ, ಅಥವಾ ಆಡುವಾಗ ಮಗ ತಲೆಸುತ್ತಿ ಬಿದ್ದಿದ್ದರೆ ಇಸಿಜಿ, ಎಕೋ ಮಾಡಿಸದೆ ರಿಂಗಿಗೆ ಕಳಿಸಬೇಡಿ.

ಆ ತಂದೆ ನನ್ನೆದುರೇ ಆಯೋಜಕರಿಗೆ ಫೋನ್ ಹಚ್ಚಿದರು. “ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತೆ” ಎಂಬ ಉತ್ತರ ಬಂತು. ಅವರು ಫಾರ್ಮ್ ಮಡಚಿ ಜೇಬಿಗಿಟ್ಟುಕೊಂಡರು. ಆ ರವಿವಾರ ಹುಡುಗ ಆಡಲಿಲ್ಲ.