ಗೊಂಬೆ ಮನೆಯಲ್ಲಿ ಎಂಬಿಎ ಪುಸ್ತಕ

ಕಿನ್ನಾಳ: ಈ ಊರಿನ ಹೆಸರೆತ್ತಿದರೆ ಸಾಕು, ಬಣ್ಣದ ಗೊಂಬೆ ಕಣ್ಣಿಗೆ ಕಟ್ಟುತ್ತದೆ. ಹಗುರ ಮರ, ಹುಣಸೆಬೀಜದ ಅಂಟು, ಅದರ ಮೇಲೆ ಹೊಳೆಯುವ ಬಣ್ಣ. ಮೊನ್ನೆ ಚಿತ್ರಗಾರರ ಮನೆಯೊಂದಕ್ಕೆ ಹೋದಾಗ ಅರೆಬರೆ ಬಣ್ಣದ ಗೊಂಬೆಗಳ ಪಕ್ಕ ಈ ವರದಿಗಾರ ಕಂಡದ್ದು ದಪ್ಪನೆಯ ಇಂಗ್ಲಿಷ್ ಪುಸ್ತಕ: ಎಂಬಿಎ ಪ್ರವೇಶ ಪರೀಕ್ಷೆಯದು.

ಬಿ.ಕಾಂ. ಮುಗಿಸಿದ ಮೊಮ್ಮಗ ಓದುತ್ತಿದ್ದ. ಪಿಯುಸಿ ಅರ್ಧಕ್ಕೇ ಬಿಟ್ಟ ನನಗೆ ಆ ಪುಸ್ತಕ ಹಿಡಿಯಲೂ ಅಂಜಿಕೆ. ಒಂದು ಲೆಕ್ಕ ಕನ್ನಡದಲ್ಲಿ ಹೇಳು ಎಂದೆ. ‘ಅಸಲಿನ ಮ್ಯಾಲ ನೂರಕ್ಕ 25 ಏರಿಸಿ ಬೆಲೆ ಬರದು, ಆ ಬೆಲೆಗೆ ನೂರಕ್ಕ 20 ರಿಯಾಯ್ತಿ ಕೊಟ್ರ ಲಾಭ ಎಷ್ಟು?’ ಬಣ್ಣ ಹಚ್ಚುತ್ತಿದ್ದ ಅಜ್ಜ ತಲೆ ಎತ್ತದೆ ಅಂದರು: ‘ನಾಲ್ಕಾಣೆನೂ ಉಳಿಯಂಗಿಲ್ಲಪಾ. ಹಾಕಿದ ರೊಕ್ಕ ಹೊಳ್ಳಿ ಬಂತು, ಅಷ್ಟ.’ ಉತ್ತರ ಸರಿ! ನೂರು 125 ಆಗಿ, ತಿರುಗಿ ನೂರೇ ಆಯಿತು.

ಹಾಗಾದರೆ ತೊಡಕೆಲ್ಲಿ? ‘ಲೆಕ್ಕ ಬರ್ತಾವ್ರೀ ಅಣ್ಣಾರ, ಉದ್ದನ್ನ ಇಂಗ್ಲಿಷ್ ಪ್ಯಾರಾ ಬಂದ್ರ ಎದಿ ಡವಡವ ಅಂತೈತಿ’ ಎಂದ ಹುಡುಗ. ಎರಡನೆಯ ವೈರಿ ಗಡಿಯಾರ. ರಾಜ್ಯದ ಪಿಜಿಸಿಇಟಿಯಲ್ಲಿ ಎರಡು ತಾಸಿಗೆ 100 ಪ್ರಶ್ನೆ. ಒಂದಕ್ಕೆ 72 ಸೆಕೆಂಡು. ಅಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಐಐಎಂಗಳ ಕ್ಯಾಟ್ ಹಾಗಲ್ಲ. ಅದರಲ್ಲಿ ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಮುಗಿದ ಭಾಗಕ್ಕೆ ತಿರುಗಿ ಹೋಗುವಂತಿಲ್ಲ. ಸರಿಗೆ ಮೂರು ಅಂಕ, ಆಯ್ಕೆಯ ಪ್ರಶ್ನೆ ತಪ್ಪಿದರೆ ಒಂದು ಕಡಿತ. ಕಣ್ಣುಮುಚ್ಚಿ ಗುರುತು ಹಾಕಿದರೆ ಗಳಿಸಿದ್ದೂ ಹೋದೀತು.

ಕ್ಯಾಟ್ ಬರುವುದು ನವೆಂಬರ್ ಕೊನೆಗೆ. 2023ರಲ್ಲಂತೂ 26ರಂದು ಪರೀಕ್ಷೆ, ಅದಕ್ಕೇ ಅಂಟಿಕೊಂಡು ಗೌರಿ ಹುಣ್ಣಿಮೆ! ಹಬ್ಬದ ಹೊತ್ತಿಗೆ ಮೂರ್ತಿ ಮಾಡುವ ಮನೆಯಲ್ಲಿ ಒಂದು ಕೈ ಕಡಿಮೆಯಾದರೆ ದುಡಿಮೆಯೇ ಕಡಿಮೆ. ಹಗಲು ಕೆಲಸ, ರಾತ್ರಿ ಮೊಬೈಲಿನಲ್ಲಿ ಗಡಿಯಾರ ಇಟ್ಟು ಮಾದರಿ ಪರೀಕ್ಷೆ. ಇದು ಹುಡುಗನ ದಿನಚರಿ. ಇಂಗ್ಲಿಷ್ ಪತ್ರಿಕೆಯ ಒಂದು ಲೇಖನವನ್ನು ದಿನಾ ಓದಿ, ಅದರ ಸಾರ ಎರಡು ಸಾಲಿನಲ್ಲಿ ಬರೆಯುತ್ತಾನೆ. ‘ಅಸ್ತರು ಒಣಗದ ಬಣ್ಣ ಹಚ್ಚಬಾರದು’ ಎಂಬುದು ಅಜ್ಜನ ಬುದ್ಧಿಮಾತು. ಹತ್ತನೆಯ ಇಯತ್ತೆಯ ಗಣಿತವನ್ನೇ ಹುಡುಗ ಮೊದಲು ಗಟ್ಟಿ ಮಾಡಿಕೊಂಡಿದ್ದಾನೆ.

ಆದರೆ ಒಂದು ಸಂಗತಿ ಆ ಮನೆಗೆ ಗೊತ್ತೇ ಇರಲಿಲ್ಲ. ಸಂವಿಧಾನದ 371(ಜೆ) ವಿಧಿಯಡಿ 2013ರಿಂದ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಈ ಭಾಗದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8 ಮೀಸಲಿದೆ. ಐಐಎಂಗಳಿಗೆ ಇದು ಅನ್ವಯಿಸದು. ಪಿಜಿಸಿಇಟಿ ಸೀಟಿಗೆ ಉಂಟು. ಬೇಕಾದದ್ದು ಉಪವಿಭಾಗಾಧಿಕಾರಿಗಳ ಅರ್ಹತಾ ಪತ್ರ. ಅರ್ಜಿ ತುಂಬುವ ದಿನ ಅದಕ್ಕಾಗಿ ಓಡಾಡಿದರೆ ಕೆಲಸ ಕೆಟ್ಟಂತೆಯೇ.

ಲೆಕ್ಕ ಈ ಓಣಿಗೆ ಯಾರೂ ಕಲಿಸಬೇಕಿಲ್ಲ. ದಾರಿ ಹೇಳುವವರು ಬೇಕು. ಊರ ಗ್ರಂಥಾಲಯದಲ್ಲಿ ನಾಲ್ಕು ಪುಸ್ತಕ, ವಾರಕ್ಕೊಮ್ಮೆ ಇಂಗ್ಲಿಷ್ ಹೇಳಿಕೊಡುವ ಒಬ್ಬ ಮೇಷ್ಟ್ರು, ಈ ಪತ್ರದ ಬಗ್ಗೆ ಗೋಡೆಗೊಂದು ಸೂಚನೆ: ಇಷ್ಟು ಹೆಚ್ಚಾಯಿತೇ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?